ಲಾಭದ ನೂರರಲ್ಲಿ ಎರಡು

ಸರ್ಕಾರವು ಆರ್ಥಿಕ ಬೆಳವಣಿಗೆಗೆ ದೊಡ್ಡ ಗುರಿಯೊಂದನ್ನು ಗೊತ್ತುಮಾಡಿದರೆ ಉದ್ಯಮಗಳ ಸಾಮಾಜಿಕ ಹೊಣೆಯೂ ತಾನಾಗಿ ಹಿಗ್ಗುವುದೆಂದು ನಂಬುವವರುಂಟು. ಅವರ ವಾದ ಸರಳವಾದುದು. ಉತ್ಪಾದನೆ ಹೆಚ್ಚಿದರೆ ಲಾಭ ಹೆಚ್ಚುವುದು. 2013ರ ಕಂಪೆನಿ ಕಾಯಿದೆಯ 135ನೆಯ ಕಲಮಿನಂತೆ, ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ ಗಳಿಸಿದ ಕಂಪೆನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡನ್ನು ಸಮಾಜಕ್ಕಾಗಿ ವೆಚ್ಚಮಾಡಬೇಕು. ಮುದಗಲ್ಲಿನಲ್ಲಿದ್ದು ನೋಡುವ ನನಗೆ ಈ ವಾದ ಒಪ್ಪಿಗೆಯಾಗದು.

ನಮ್ಮ ಲಿಂಗಸುಗೂರು ತಾಲ್ಲೂಕಿನಲ್ಲಿಯೇ ಹಟ್ಟಿಯ ಚಿನ್ನದ ಗಣಿಯಿದೆ. (ನೆರೆಯ ಮಸ್ಕಿಯ ಅಶೋಕ ಶಾಸನ 1915ರಲ್ಲಿ ದೊರೆತುದು ಚಿನ್ನವನ್ನು ಅರಸುತ್ತಿದ್ದ ಇಂಜಿನಿಯರೊಬ್ಬರಿಗೆ. ಈ ಸೀಮೆಯಲ್ಲಿ ಧರ್ಮ ಕಣ್ಣಿಗೆ ಬಿದ್ದುದೂ ಚಿನ್ನದ ದಾರಿಯಲ್ಲೇ!) 1947ರಲ್ಲಿ, ನಿಜಾಮರ ಸಂಸ್ಥಾನದ ಕಾಲಕ್ಕೆ, ಸ್ಥಾಪಿತವಾದ ಆ ಕಂಪೆನಿಗೆ ಇಂದು ರಾಜ್ಯ ಸರ್ಕಾರವೇ ಒಡೆಯ. ಲಾಭಾಂಶವನ್ನು ಪಡೆಯುವವನೂ ಊರಿನ ಯೋಗಕ್ಷೇಮವನ್ನು ನೋಡಬೇಕಾದವನೂ ಅವನೇ. ಈಚಿನ ವರ್ಷಗಳಲ್ಲಿ ಚಿನ್ನದ ಬೆಲೆ ಬಹಳ ಏರಿದೆ. ಅದರೊಡನೆ ಆ ನೂರಕ್ಕೆ ಎರಡರ ಮೊತ್ತವೂ ಏರಬಹುದು. ಆದರೆ ಹಳ್ಳಿಯ ಶಾಲೆಗೂ ಆಸ್ಪತ್ರೆಗೂ ಸಲ್ಲಬೇಕಾದ ಹಣ ಹಳ್ಳಿಯ ಅಗತ್ಯವನ್ನು ಬಿಟ್ಟು ಲಂಡನ್ ಪೇಟೆಯ ದರವನ್ನು ಅನುಸರಿಸುವುದು ಎಂತಹ ನ್ಯಾಯ?

ದರ ಇಳಿದಾಗಿನ, ಅದಿರು ಮುಗಿದಾಗಿನ ಗತಿಯನ್ನು ಕೋಲಾರ ತೋರಿಸಿದೆ. ಕೇಂದ್ರ ಸರ್ಕಾರದ ಭಾರತ್ ಗೋಲ್ಡ್ ಮೈನ್ಸ್ ನಷ್ಟದಲ್ಲಿ ಮುಳುಗಿ 2001ರಲ್ಲಿ ಗಣಿಯನ್ನು ಮುಚ್ಚಿತು. ಸಯನೈಡ್ ಮಣ್ಣಿನ ದಿಬ್ಬಗಳೂ ಕೆಲಸ ಕಳೆದುಕೊಂಡ ಸಂಸಾರಗಳೂ ಉಳಿದವು. ಇಂದಿನ ಕಾಯಿದೆ ಅಂದೇ ಇದ್ದಿದ್ದರೂ ಅವರಿಗೆ ಅದರಿಂದ ಬಿಡಿಗಾಸು ಬರುತ್ತಿರಲಿಲ್ಲ.

ಗುರಿಯ ಸ್ವರೂಪದಲ್ಲಿಯೇ ಇನ್ನೊಂದು ದೋಷವಿದೆ. 2024–25ರೊಳಗೆ ದೇಶದ ಅರ್ಥವ್ಯವಸ್ಥೆ 5 ಲಕ್ಷ ಕೋಟಿ ಡಾಲರಿನಷ್ಟಾಗಬೇಕೆಂದು 2019ರಲ್ಲಿ ಕೇಂದ್ರ ಸರ್ಕಾರ ಸಾರಿತು. ಇಂತಹ ಗುರಿ ಒಟ್ಟು ಮೊತ್ತದ್ದು. ಬೆಂಗಳೂರು ಬೆಳೆದರೆ ಕರ್ನಾಟಕ ಬೆಳೆದಂತೆ ಲೆಕ್ಕ. ಕಾಯಿದೆಯು ಕಂಪೆನಿಗಳಿಗೆ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಿರೆಂದು ಹೇಳುವುದೇನೋ ನಿಜ. ಕಂಪೆನಿಗಳೇ ಇಲ್ಲದ ಊರು ಯಾರಿಗೆ ಸ್ಥಳೀಯ? 2018ರಲ್ಲಿ ಕೇಂದ್ರವು ಮಹತ್ವಾಕಾಂಕ್ಷಿ ಜಿಲ್ಲೆಗಳೆಂಬ ಹೆಸರಿನಲ್ಲಿ ಹಿಂದುಳಿದ ಜಿಲ್ಲೆಗಳನ್ನು ಆರಿಸಿದಾಗ ಕರ್ನಾಟಕದಿಂದ ಸೇರಿದವು ರಾಯಚೂರು, ಯಾದಗಿರಿ ಎರಡೇ. ಚಿನ್ನ ಕೊಡುವ ಜಿಲ್ಲೆಗೆ ಈ ಬಿರುದು!

ಬೇರೆ ದಾರಿಯಿಲ್ಲವೆಂದಲ್ಲ. 2015ರಲ್ಲಿ ಗಣಿ ಕಾಯಿದೆಗೆ ಆದ ತಿದ್ದುಪಡಿಯಂತೆ ಗಣಿಯವರು ರಾಜಧನದ ಒಂದು ಪಾಲನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡಬೇಕು. ಅದಕ್ಕೆ ಲಾಭ ನಷ್ಟಗಳ ನೆವವಿಲ್ಲ. ಸಾಮಾಜಿಕ ಹೊಣೆಯನ್ನೂ ಹೀಗೆಯೇ ಅಳೆಯಬಾರದೇಕೆ? ನೂರಕ್ಕೆ ಎರಡೆಂಬುದು ಕನಿಷ್ಠ ಮಿತಿ ಮಾತ್ರ. ಮೀರಿ ಕೊಡುವುದಕ್ಕೆ ಅಡ್ಡಿಯಿಲ್ಲ. ಹಟ್ಟಿಯ ಒಡೆಯನಾದ ಸರ್ಕಾರವು ಎತ್ತಿದ ಅದಿರಿನ ಟನ್ನಿಗೆ ಇಷ್ಟೆಂದು ಸುತ್ತಲ ಊರುಗಳ ಪಾಲನ್ನು ಗೊತ್ತುಮಾಡಲಿ. ವರ್ಷದ ಉತ್ಪಾದನೆಯ ಗುರಿಯನ್ನು ಬರೆಯುವ ಕಾಗದದಲ್ಲಿಯೇ ಆ ಅಂಕಿಯನ್ನೂ ಬರೆಯಲಿ.