ಮೌನವೆಲ್ಲ ಸಮ್ಮತಿಯಲ್ಲ

2002ರ ಅಕ್ಟೋಬರ್‌ನಲ್ಲಿ ಇರಾಕ್‌ನಲ್ಲಿ ಜನಮತಗಣನೆ ನಡೆಯಿತು. ಸದ್ದಾಂ ಹುಸೇನ್ ಅಧ್ಯಕ್ಷರಾಗಿ ಮುಂದುವರಿಯಬೇಕೇ ಎಂಬುದೊಂದೇ ಪ್ರಶ್ನೆ. ಮತದಾನವೂ ನೂರಕ್ಕೆ ನೂರು, ‘ಹೌದು’ ಎಂದವರೂ ನೂರಕ್ಕೆ ನೂರು ಎಂದು ಸರ್ಕಾರ ಘೋಷಿಸಿತು. ಒಂದು ಮನೆಯ ನಾಲ್ವರು ಬೆಳಗಿನ ತಿಂಡಿಗೇ ಒಮ್ಮತಕ್ಕೆ ಬರುವುದಿಲ್ಲ. ಇನ್ನು ಇಡೀ ದೇಶ?

ಆಡಳಿತದ ಬಗೆ ಬದಲಾದರೆ ಮತದಾರರ ಮನಸ್ಸೂ ಬದಲಾಗುತ್ತದೆಯೇ? ರಾಜ್ಯಶಾಸ್ತ್ರ ಓದುತ್ತಿರುವ ನನಗೆ ಅನಿಸುವುದಿಷ್ಟು: ಇಷ್ಟಾನಿಷ್ಟಗಳು ಎಲ್ಲ ಕಡೆಯೂ ಇರುತ್ತವೆ, ಅವನ್ನು ತೋರಿಸುವ ಧೈರ್ಯ ಮಾತ್ರ ಏರಿಳಿಯುತ್ತದೆ.

ಪೂರ್ವ ಜರ್ಮನಿಯ ಮತಗಟ್ಟೆಗಳಲ್ಲಿ ಮರೆಯೇನೋ ಇತ್ತು. ಆದರೆ ಅದರ ಹಿಂದೆ ಹೋದವರ ಮೇಲೆ ಅನುಮಾನದ ಕಣ್ಣು ಬೀಳುತ್ತಿತ್ತು. ಹಾಗಾಗಿ ಹೆಚ್ಚಿನವರು ಕೊಟ್ಟ ಚೀಟಿಯನ್ನು ಎಲ್ಲರೆದುರೇ ಮಡಚಿ ಪೆಟ್ಟಿಗೆಗೆ ಹಾಕಿ ಬರುತ್ತಿದ್ದರು. 1989ರ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಶೇ 98ಕ್ಕೂ ಹೆಚ್ಚು ಬೆಂಬಲ ಎಂದು ಸರ್ಕಾರ ಹೇಳಿಕೊಂಡಿತು. ಅದೇ ನವೆಂಬರ್‌ನಲ್ಲಿ ಬರ್ಲಿನ್ ಗೋಡೆ ಬಿತ್ತು. ಚಿಲಿಯಲ್ಲಿ 1988ರಲ್ಲಿ ಸರ್ವಾಧಿಕಾರಿ ಪಿನೊಶೆ ಜನಮತಗಣನೆ ನಡೆಸಿದಾಗ, ‘ನಿಮ್ಮ ಮತ ಯಾರಿಗೂ ತಿಳಿಯುವುದಿಲ್ಲ’ ಎಂದು ಜನರನ್ನು ನಂಬಿಸುವುದೇ ವಿರೋಧಿಗಳಿಗೆ ದೊಡ್ಡ ಕೆಲಸವಾಗಿತ್ತು. ಜನ ನಂಬಿದರು. ಸುಮಾರು ಶೇ 56 ಮಂದಿ ‘ಬೇಡ’ ಎಂದರು.

ನಮ್ಮಲ್ಲೂ 21 ತಿಂಗಳ ತುರ್ತುಪರಿಸ್ಥಿತಿಯ ಮೌನವನ್ನು ಹಲವರು ಒಪ್ಪಿಗೆ ಎಂದೇ ಭಾವಿಸಿದ್ದರು. 1977ರಲ್ಲಿ ಇಂದಿರಾ ಗಾಂಧಿ ಅವರೇ ರಾಯ್‌ಬರೇಲಿಯಲ್ಲಿ ಸೋತರು. ಅದೇ ಚುನಾವಣೆಯಲ್ಲಿ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್‌ಗೆ ಕೊಟ್ಟಿತು. ಉತ್ತರ ಒಂದು ಕಡೆ, ನಾವು ಇನ್ನೊಂದು ಕಡೆ. ಈ ಭಿನ್ನಮತವೇ ಆ ಚುನಾವಣೆ ನಿಜವಾದದ್ದು ಎಂಬುದಕ್ಕೆ ಸಾಕ್ಷಿ.

ಹಾಗೆಂದು ನಾವು ನಿಶ್ಚಿಂತರಾಗಿ ಕೂರುವಂತಿಲ್ಲ. ನಮ್ಮೂರಿನ ರಸ್ತೆ ಕೇಳಲು ಹೋದವರಿಗೆ ಮುಖಂಡರೊಬ್ಬರು, ‘ನಿಮ್ಮ ಬೂತ್‌ನಲ್ಲಿ ನಮಗೆ ಲೀಡ್ ಎಲ್ಲಿ ಬಂತು?’ ಎಂದು ಕೇಳಿ ಕಳುಹಿಸಿದರು. ಒಬ್ಬೊಬ್ಬರ ಮತ ಗುಟ್ಟಾಗಿದ್ದರೂ ಊರಿನ ಮತ ಬಯಲಾಗುತ್ತದೆ. ಅಂದಿನಿಂದ ನಮ್ಮಲ್ಲಿ ಕೆಲವರು ‘ಗೆಲ್ಲೋರಿಗೇ ಹಾಕೋಣ ಬಿಡಪ್ಪ’ ಎನ್ನತೊಡಗಿದ್ದಾರೆ. ಹಲವು ಬೂತ್‌ಗಳ ಮತಯಂತ್ರಗಳನ್ನು ಸೇರಿಸಿ ಒಟ್ಟಿಗೆ ಎಣಿಸುವ ‘ಟೋಟಲೈಸರ್’ ಬಳಕೆಗೆ ಚುನಾವಣಾ ಆಯೋಗ 2008ರಲ್ಲೇ ಕೇಂದ್ರಕ್ಕೆ ಪ್ರಸ್ತಾವ ಸಲ್ಲಿಸಿತ್ತು. ಅದು ಇನ್ನೂ ಜಾರಿಯಾಗಿಲ್ಲ. ಯುವ ಮತದಾರರಾದ ನಾವು ಪ್ರಚಾರಕ್ಕೆ ಬರುವ ಅಭ್ಯರ್ಥಿಗಳನ್ನು ಉದ್ಯೋಗದ ಜೊತೆಗೆ ಇದರ ಬಗ್ಗೆಯೂ ಕೇಳಬೇಕು.

ಯಾರಿಗೆ ಮತ ಹಾಕಿದೆ ಎಂದು ಹೇಳುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ ಎನ್ನುತ್ತದೆ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆ. ಮೊದಲ ಬಾರಿ ಮತ ಹಾಕಲಿರುವ ಗೆಳೆಯರೇ, ಹಾಸ್ಟೆಲ್‌ನಲ್ಲೋ ಮನೆಯಲ್ಲೋ ಯಾರಾದರೂ ಕೇಳಿದರೆ ಬೆರಳಿನ ಶಾಯಿ ತೋರಿಸಿ. ಅಷ್ಟು ಸಾಕು.