ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ತಾಲೂಕುಗಳ ಬಂಧುಗಳಲ್ಲಿ ಒಂದು ಮನವಿ

ಜಗಳೂರಿನ ಹಿರಿಯರಿಗೆ ಜೆ. ಮಹಮದ್ ಇಮಾಂ ಅವರ ಹೆಸರು ಹೊಸದಲ್ಲ. 1957ರಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದ, 1967ರಲ್ಲಿ ಸ್ವತಂತ್ರ ಪಕ್ಷದಿಂದ ಚಿತ್ರದುರ್ಗ ಕ್ಷೇತ್ರದ ಜನ ಅವರನ್ನು ಲೋಕಸಭೆಗೆ ಕಳಿಸಿದರು. ಜಗಳೂರು ಆಗ ಚಿತ್ರದುರ್ಗ ಜಿಲ್ಲೆಯ ತಾಲೂಕು. ಆ ಕ್ಷೇತ್ರದಲ್ಲಿ ಮುಸ್ಲಿಮರ ಮತಗಳಷ್ಟರಿಂದಲೇ ಯಾರೂ ಗೆಲ್ಲುವಂತಿರಲಿಲ್ಲ. ಲಿಂಗಾಯತರು, ನಾಯಕರು, ಗೊಲ್ಲರು, ಕುರುಬರು, ದಲಿತರು ತುಂಬಿದ್ದ ಬಯಲುಸೀಮೆ ಅದು. ಅಂಥ ಕಡೆ ಎರಡು ಸಲ, ಎರಡು ಬೇರೆ ಪಕ್ಷಗಳಿಂದ ಅವರು ಗೆದ್ದರು. ನಮ್ಮ ಅಜ್ಜ ಅಜ್ಜಿಯರು ಹಾಕಿದ ಮತ ಅದು. ಇದನ್ನು ನಮ್ಮ ಮಕ್ಕಳಿಗೆ ಹೇಳಿದವರು ಕಡಿಮೆ.

ಈಚಿನದೊಂದು ಸಂಗತಿ ನೋಡಿ. 2017ರ ಮೈಸೂರು ದಸರಾವನ್ನು ಕವಿ ಕೆ.ಎಸ್. ನಿಸಾರ್ ಅಹಮದ್ ಉದ್ಘಾಟಿಸಿದ್ದರು. 2025ರಲ್ಲಿ ಆ ಗೌರವ ಬಾನು ಮುಷ್ತಾಕ್ ಅವರಿಗೆ ಬಂತು. ಅದೇ ವರ್ಷ ಅವರ ಕನ್ನಡ ಕಥೆಗಳು ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ತಂದಿದ್ದವು. ಆದರೆ ಆ ಸಲ ಆಯ್ಕೆಯ ವಿರುದ್ಧ ಅರ್ಜಿಗಳು ಹೈಕೋರ್ಟಿಗೆ ಹೋದವು. ಅಲ್ಲಿ ವಜಾ ಆದ ಮೇಲೆ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿ ಅಲ್ಲಿಯೂ ಬಿದ್ದುಹೋಯಿತು. ಸೆಪ್ಟೆಂಬರ್ 22ರಂದು ಅವರು ಚಾಮುಂಡಿ ಬೆಟ್ಟದಲ್ಲಿ ದಸರಾಕ್ಕೆ ಚಾಲನೆ ಕೊಟ್ಟರು. ನ್ಯಾಯಾಲಯ ತನ್ನ ಕೆಲಸ ಮಾಡಿತು. ಎಂಟೇ ವರ್ಷಗಳಲ್ಲಿ ಇಷ್ಟೊಂದು ಅನುಮಾನ ಎಲ್ಲಿಂದ ಬಂತು ಎಂಬ ಪ್ರಶ್ನೆ ಮಾತ್ರ ನಮ್ಮ ಪಾಲಿಗೆ ಉಳಿದಿದೆ.

2024ರ ಮೇ ತಿಂಗಳಲ್ಲಿ ಚನ್ನಗಿರಿಯಲ್ಲಿ ನಡೆದದ್ದನ್ನೂ ಮುಚ್ಚಿಡಬೇಕಿಲ್ಲ. ಪೊಲೀಸರ ವಶದಲ್ಲಿದ್ದ ವ್ಯಕ್ತಿಯೊಬ್ಬರು ತೀರಿಕೊಂಡರು. ಉದ್ರಿಕ್ತ ಗುಂಪು ಠಾಣೆಯ ಮೇಲೆ ದಾಳಿ ಮಾಡಿತು. ಪೊಲೀಸರು ಗಾಯಗೊಂಡರು. ಸಾವಿಗೆ ಕಾರಣ ತಿಳಿಯಲೇಬೇಕು, ಕಲ್ಲು ತೂರಿದವರು ಕಾನೂನಿಗೆ ಉತ್ತರ ಕೊಡಲೇಬೇಕು. ಆದರೆ ಅಂದು ತನ್ನ ಗ್ಯಾರೇಜಿನಲ್ಲಿ ಟ್ರ್ಯಾಕ್ಟರ್ ಕೆಳಗೆ ಮಲಗಿ ಬೋಲ್ಟ್ ಬಿಗಿಯುತ್ತಿದ್ದ ಮುಸ್ಲಿಂ ಮೆಕ್ಯಾನಿಕ್ ಯಾರಿಗೂ ಉತ್ತರ ಕೊಡಬೇಕಾಗಿಲ್ಲ.

ಒಬ್ಬನ ತಪ್ಪಿಗೆ ಎಲ್ಲರನ್ನೂ ಹೊಣೆ ಮಾಡುವ ಈ ಅಭ್ಯಾಸ ಬೇರೆ ದೇಶಗಳಲ್ಲೂ ಇದೆ. 2017ರ ಫೆಬ್ರವರಿಯಲ್ಲಿ ಅಮೆರಿಕದ ಕಾನ್ಸಾಸ್‌ನಲ್ಲಿ ಹೈದರಾಬಾದ್ ಮೂಲದ ಎಂಜಿನಿಯರ್ ಒಬ್ಬರನ್ನು ಇರಾನಿನವರೆಂದು ತಿಳಿದು ಗುಂಡಿಟ್ಟು ಕೊಂದರು. ಅವರು ಹಿಂದೂ. ದ್ವೇಷಕ್ಕೆ ಗುರುತು ಹಿಡಿಯುವ ಕಣ್ಣಿಲ್ಲ. ನಮ್ಮ ತಾಲೂಕುಗಳ ಮಕ್ಕಳೂ ಹೊರದೇಶದಲ್ಲಿ ದುಡಿಯುತ್ತಿದ್ದಾರೆ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳ ಮೇಲೆ ನಡೆದ ದಾಳಿಯಲ್ಲಿ 51 ಜನ ಸತ್ತರು. ಮುಂದಿನ ಶುಕ್ರವಾರ ಆ ದೇಶದ ಸಾಮಾನ್ಯ ಜನ ಮಸೀದಿಗಳ ಸುತ್ತ ಕೈ ಕೈ ಹಿಡಿದು ನಿಂತರು. ಒಳಗಿನವರು ನಿಶ್ಚಿಂತೆಯಿಂದ ನಮಾಜು ಮಾಡಲಿ ಎಂದು ನಿಂತರು. ಮುಸ್ಲಿಂ ದ್ವೇಷವನ್ನು ಎದುರಿಸುವ ದಿನವಾಗಿ ವಿಶ್ವಸಂಸ್ಥೆ 2022ರಲ್ಲಿ ಆರಿಸಿಕೊಂಡದ್ದು ಇದೇ ಮಾರ್ಚ್ 15ನ್ನು.

ಓದುಗ ಬಂಧುಗಳೇ, ನೀವು ಮಾಡಬಹುದಾದದ್ದು ಹಾಗೆ ಮಸೀದಿಯ ಸುತ್ತ ನಿಲ್ಲುವುದಕ್ಕಿಂತ ಸುಲಭ. ನಿಮಗೆ ನಿಮ್ಮೂರಿನ ಮುಸ್ಲಿಮರು ಅಪರಿಚಿತರಲ್ಲ. ಚನ್ನಗಿರಿಯ ಅಡಿಕೆ ಬೆಳೆಗಾರರೇ, ನಿಮ್ಮ ತೋಟಕ್ಕೆ ಬರುವ ಖೇಣಿದಾರರಲ್ಲಿ ಮುಸ್ಲಿಮರೂ ಇದ್ದಾರೆ. ಅವರು ಸಾಲು ಸಾಲು ನಡೆದು, ತಲೆಯೆತ್ತಿ ಗೊನೆ ನೋಡಿ, ಇಷ್ಟು ಕ್ವಿಂಟಾಲ್ ಬಂದೀತು ಎಂದು ಅಂದಾಜು ಹಾಕುತ್ತಾರೆ. ಮುಂಗಡ ಕೊಡುತ್ತಾರೆ. ವರ್ಷದ ಬೆಳೆಯ ವ್ಯವಹಾರ ಎಷ್ಟೋ ಸಲ ಬರೀ ಬಾಯಿಮಾತಿನ ಮೇಲೆ ನಡೆಯುತ್ತದೆ. ಮಳೆ ಹೆಚ್ಚಾಗಿ ಕಾಯಿ ಉದುರಿದರೆ ನಷ್ಟ ಅವರದೂ ಹೌದು. ಇಷ್ಟು ನಂಬಿದವರ ಬಗ್ಗೆ ಎಲ್ಲೋ ಇರುವ, ಮುಖ ಕಾಣದ ಯಾರೋ ಕಳಿಸಿದ ವಿಡಿಯೊವನ್ನು ನಂಬಬೇಡಿ.

ಊರಿನ ಗ್ರೂಪಿಗೆ ಅಂಥದ್ದು ಬಂದಾಗ ಇದು ಯಾವ ಊರಿನದು, ಯಾವ ವರ್ಷದ್ದು ಎಂದು ದಯವಿಟ್ಟು ಕೇಳಿ. ಜಗಳ ಬೇಡ, ಕೇಳಿದರೆ ಸಾಕು. ಕೊರೊನಾ ಕಾಲದಲ್ಲಿ ಇಂಥ ಸಂದೇಶಗಳು ತರಕಾರಿ ಮಾರುವ ಮುಸ್ಲಿಮರ ಅನ್ನ ಕಿತ್ತುಕೊಂಡವು. ಆಗ ಮುಖ್ಯಮಂತ್ರಿಯಾಗಿದ್ದ, ಹೊನ್ನಾಳಿ–ನ್ಯಾಮತಿಗೆ ನೆರೆಯಾದ ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ ಅವರು, ಎಲ್ಲೋ ನಡೆದ ಘಟನೆಗೆ ಇಡೀ ಮುಸ್ಲಿಂ ಸಮುದಾಯವನ್ನು ದೂಷಿಸಿದರೆ ಕ್ರಮ ಕೈಗೊಳ್ಳುವುದಾಗಿ 2020ರ ಏಪ್ರಿಲ್‌ನಲ್ಲಿ ಎಚ್ಚರಿಸಿದ್ದರು. ಪಕ್ಷ ಯಾವುದೇ ಇರಲಿ, ಈ ಮಾತು ಎಲ್ಲರೂ ಆಡಬಹುದಾದ ಮಾತು. ಚಹಾದಂಗಡಿಯಲ್ಲಿ ನೀವೂ ಆಡಿ. ನಿಮ್ಮ ಮಾತಿಗೆ ಊರಿನಲ್ಲಿ ತೂಕವಿದೆ.

ಮುಸ್ಲಿಂ ಬಂಧುಗಳಲ್ಲೂ ಒಂದು ಕೋರಿಕೆ. ನೋವಾದಾಗ ನುಂಗಿಕೊಂಡು ದೂರ ಸರಿಯಬೇಡಿ. ನಿಮ್ಮನ್ನು ಬಲ್ಲ ನೆರೆಯವರಿಗೆ ಹೇಳಿ. ಎಷ್ಟೋ ಮಂದಿಗೆ ಅದು ಗೊತ್ತೇ ಇರುವುದಿಲ್ಲ.

ಕೊನೆಯದಾಗಿ, ಪಟ್ಟಣಗಳಲ್ಲಿ ಮನೆ ಬಾಡಿಗೆ ಕೊಡುವವರಲ್ಲಿ ವಿಶೇಷ ವಿನಂತಿ. ಕಾಲೇಜು ಶುರುವಾಗುವ ಹೊತ್ತಿಗೆ ಹಳ್ಳಿಗಳಿಂದ ಹೆಣ್ಣುಮಕ್ಕಳು ರೂಮು ಹುಡುಕಿಕೊಂಡು ಬರುತ್ತಾರೆ. ಹೆಸರು ಕೇಳಿದ ಮೇಲೆ ಖಾಲಿ ಇಲ್ಲ ಎನ್ನಿಸಿಕೊಂಡು ಹೋಗುವವರು ಅವರಲ್ಲಿದ್ದಾರೆ. ಈ ವರ್ಷ ಅಂಥ ಹುಡುಗಿ ತಂದೆಯೊಡನೆ ನಿಮ್ಮ ಗೇಟಿನ ಮುಂದೆ ನಿಂತಾಗ ಒಳಗೆ ಕರೆಯಿರಿ, ನೀರು ಕೊಡಿ, ರೂಮು ತೋರಿಸಿ. ಬಾಡಿಗೆ, ಅಡ್ವಾನ್ಸ್, ಗೇಟು ಹಾಕುವ ಸಮಯ, ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳಿ.