ಆ ವೈಫೈ ಪಾಸ್‌ವರ್ಡ್ ನಮ್ಮದಲ್ಲ, ಕೊಟ್ಟವರದು

ನಮ್ಮ ಬಳಗದ ಗೆಳೆಯರೊಬ್ಬರು ಪೇಟೆಯಿಂದ ಹಳೇ ಲ್ಯಾಪ್‌ಟಾಪ್ ಕೊಂಡು ತಂದರು. ಅದರಲ್ಲಿ ಫೋಟೊ, ಫೈಲು ಏನೂ ಇರಲಿಲ್ಲ. ಆದರೆ ವೈಫೈ ಪಟ್ಟಿ ತೆರೆದರೆ ಹತ್ತಾರು ಹೆಸರು! ಒಂದು ಪಿಜಿ, ಒಂದು ಬೇಕರಿ, ಯಾರ್ಯಾರದೋ ಮನೆ. ಫೈಲು ಅಳಿಸಿದ ಮಾಲೀಕರು ಇದೊಂದನ್ನು ಮರೆತಿದ್ದರು.

ವಿಂಡೋಸ್ ಕಂಪ್ಯೂಟರ್ ಒಮ್ಮೆ ಸೇರಿದ ವೈಫೈಯನ್ನು ಪಾಸ್‌ವರ್ಡ್ ಸಮೇತ ನೆನಪಿಟ್ಟುಕೊಳ್ಳುತ್ತದೆ. ಅಡ್ಮಿನ್ ಖಾತೆ ಕೈಗೆ ಸಿಕ್ಕವರು ಆ ಪಾಸ್‌ವರ್ಡನ್ನು ಅಕ್ಷರ ಬಿಡದೆ ಓದಬಹುದು.

"ಸ್ವಲ್ಪ ನೆಟ್ ಹೋದರೆ ಏನೀಗ?" ಅನ್ನಬೇಡಿ. ಹಳೇ ಕಂಪ್ಯೂಟರ್ ಎಷ್ಟೋ ಸಲ ದೂರ ಹೋಗುವುದಿಲ್ಲ. ನೆಂಟರಿಗೋ ಪಕ್ಕದ ಬೀದಿಯವರಿಗೋ ಸೇರುತ್ತದೆ. ಅಲ್ಲಿಂದ ಯಾರೋ ನಿಮ್ಮ ವೈಫೈ ಹಿಡಿದು ಮೋಸದ ಕೆಲಸ ಮಾಡಿದರೆ, ಸಂಪರ್ಕ ಯಾರ ಹೆಸರಲ್ಲಿದೆಯೋ ಅವರ ಬಾಗಿಲಿಗೇ ಮೊದಲು ವಿಚಾರಣೆ ಬರುತ್ತದೆ.

ಇನ್ನೊಂದು ಅಪಾಯವೂ ಇದೆ. ಲಾಡ್ಜ್, ಬಸ್ ನಿಲ್ದಾಣಗಳಲ್ಲಿ ಪಾಸ್‌ವರ್ಡ್ ಇಲ್ಲದ ವೈಫೈ ಬಳಸಿರುತ್ತೀರಿ. ಅದೇ ಹೆಸರಿಟ್ಟು ಬೇರೆಯವರು ವೈಫೈ ಹಾಕಿದರೆ, ತಾನಾಗಿ ಸೇರುವ ಆಯ್ಕೆ ಆನ್ ಇದ್ದ ಕಂಪ್ಯೂಟರ್ ನಿಮ್ಮನ್ನು ಕೇಳದೆಯೇ ಅದಕ್ಕೂ ಸೇರಿಬಿಡಬಹುದು.

ಸರಿಪಡಿಸಲು ಎರಡು ನಿಮಿಷ ಸಾಕು. 'ಸೆಟ್ಟಿಂಗ್ಸ್' ತೆರೆಯಿರಿ. 'ನೆಟ್‌ವರ್ಕ್ ಅಂಡ್ ಇಂಟರ್ನೆಟ್'ನಲ್ಲಿ 'ವೈಫೈ' ಒತ್ತಿ, 'ಮ್ಯಾನೇಜ್ ನೋನ್ ನೆಟ್‌ವರ್ಕ್ಸ್'ಗೆ ಹೋಗಿ. ಬೇಡದ ಹೆಸರು ಆರಿಸಿ 'ಫರ್ಗೆಟ್' ಕೊಡಿ. ದಿನಾ ಬಳಸುವ ಮನೆಯ ವೈಫೈ ಒಂದಿದ್ದರೆ ಸಾಕು. ಕಂಪ್ಯೂಟರನ್ನೇ ಮಾರುವುದಾದರೆ 'ರೀಸೆಟ್'ನಲ್ಲಿ ಎಲ್ಲವನ್ನೂ ಅಳಿಸುವ ಆಯ್ಕೆ ಕೊಟ್ಟೇ ಮಾರಿ. ಈಗಾಗಲೇ ಮಾರಿಬಿಟ್ಟಿದ್ದೀರಾ? ಮನೆಯ ರೂಟರ್‌ನಲ್ಲಿ ವೈಫೈ ಪಾಸ್‌ವರ್ಡ್ ಬದಲಿಸಿ. ಹಳೆಯದು ಅಲ್ಲಿಗೆ ಕೆಲಸಕ್ಕೆ ಬಾರದು.

ಪಕ್ಕದ ಮನೆಯ ಹುಡುಗಿ ಪರೀಕ್ಷೆಗೆ ಅರ್ಜಿ ಹಾಕಲು ಬಂದರೆ ಪಾಸ್‌ವರ್ಡ್ ಕೊಡಬೇಡಿ ಎಂದು ನಾವು ಹೇಳುತ್ತಿಲ್ಲ. ಕೊಡುವುದು ನಮ್ಮ ಹಳ್ಳಿಗಳ ಒಳ್ಳೆಯ ಗುಣ, ಅದು ಉಳಿಯಲಿ. ನಮ್ಮ ಮಾತು ಪಡೆದುಕೊಂಡವರಿಗೆ. ನಂಬಿ ಕೊಟ್ಟವರ ಮನೆಯ ಬೀಗದ ಕೈ ನಮ್ಮ ಕಂಪ್ಯೂಟರಿನಲ್ಲಿದೆ. ಸಾಲ ತಂದ ಸೇರು ಅಕ್ಕಿಯನ್ನು ಮರೆಯದೆ ಹಿಂತಿರುಗಿಸುವ ನಾವು ಇದನ್ನೂ ಮರೆಯಬಾರದು.

ಇವತ್ತು ಸಂಜೆ ಕಂಪ್ಯೂಟರ್ ಆನ್ ಮಾಡಿದಾಗ ಆ ಪಟ್ಟಿಯನ್ನೊಮ್ಮೆ ನೋಡಿ. ಯಾರ್ಯಾರ ಹೆಸರಿದೆ, ಎಣಿಸಿ.